ಹಸಿ ಗುಡ್ಡದ ಹಗ್ಗ

ಗುಡ್ಡ ಏರೂದು ನನಗ ಬರತೈತಿ ಅಂತ ತಿಳಕೊಂಡಿದ್ದೆ. ನನ್ನ ತವರು ಕೌಜಲಗಿ. ಅಲ್ಲಿ ಎಲ್ಲಾ ಎರಿ ಹೊಲ, ಏರಬೇಕಂದ್ರ ಮನಿ ಮಾಳಗಿ ಬಿಟ್ಟು ಬ್ಯಾರೆ ಏನೂ ಇಲ್ಲ. ಅಂಥಾಕಿ ಮದವಿಯಾಗಿ ಗೋಕಾಕದ ಗುಡ್ಡದ ಬುಡಕ್ಕ ಬಂದು, ಎರಡು ಬ್ಯಾಸಗಿ ದಿನಾ ಕಟಗಿಗೆ ಏರಿ ಇಳದಿದ್ದೆ. ತಲಿ ಮ್ಯಾಲ ಹೊರಿ ಇಟಗೊಂಡು, ಕೈ ಬಿಟ್ಟು, ಬಾಯಾಗ ಹಾಡು ಹಾಡಕೊಂತ ಇಳೀತಿದ್ದೆ. ಸೊಕ್ಕು ಬಂದಿತ್ತು.

ಮಳಿ ಬಿದ್ದ ಮ್ಯಾಲ ಆ ಗುಡ್ಡ ಬ್ಯಾರೆನ ಇರತೈತಿ ಅಂತ ನನಗ ಯಾರೂ ಹೇಳಿರಲಿಲ್ಲ. ಹೇಳುವ ಕಾರಣನೂ ಇರಲಿಲ್ಲ. ಮಳಿಗಾಲ, ಚಳಿಗಾಲದಾಗ ಅಲ್ಲಿ ಹೋಗತಿದ್ದವರು ಬೆರಳೆಣಿಕಿ ಮಂದಿ.

ಮೂರನೇ ವರ್ಷ ಮಗಳು ಹುಟ್ಟಿದಳು. ನನ್ನ ಎದಿಹಾಲು ಹದಿನೈದು ದಿನಕ್ಕ ಬತ್ತಿತು. ಅದನ್ನ ಕೇಳಿ ಅಪ್ಪ ಕೌಜಲಗಿಯಿಂದ ಒಂದು ಎಮ್ಮಿ ಹೊಡಕೊಂಡು ಬಂದ. ಕೂಸು ಆ ಎಮ್ಮಿ ಹಾಲಿನ ಮ್ಯಾಲ ಬದುಕಿತು. ನಮ್ಮದು ಹೊಲ ಇಲ್ಲದ ಮನಿ. ಗಂಡ ಮಂದಿ ಮಾಲು ಹೇರಿಕೊಂಡು ಮೂಡಲಗಿ ಸಂತಿಗೆ ಗಾಡಿ ಹೊಡೀತಿದ್ದ. ಎತ್ತಿಗೆ ಹಾಕುವ ಕಣಕಿನ ಸಾಲತಿರಲಿಲ್ಲ, ಎಮ್ಮಿಗೆ ಎಲ್ಲಿಂದ ಬರಬೇಕು?

ಅತ್ತಿ ಒಂದಿನ ಹೇಳೇಬಿಟ್ಟಳು. "ಹುಲ್ಲು ನೀ ತಂದ್ರ ಎಮ್ಮಿ ಇಲ್ಲಿ ಇರತೈತಿ. ಇಲ್ಲಂದ್ರ ಹುಕ್ಕೇರಿಗೆ, ನನ್ನ ಮಗಳ ಮನಿಗೆ ಹೊಡದು ಬಿಡೂದು. ಅವರದು ಹೊಲ ಐತಿ. ಬ್ಯಾಸಗಿಗೆ ತಿರುಗಿ ತರೋಣ."

ಆ ಮನಿಗೆ ನಮ್ಮ ಮನಿಯಿಂದ ಹಂಡೆ ಹೋಗಿತ್ತು, ಎರಡು ಕೊಡ ಹೋಗಿದ್ದವು, ಒಂದು ಬೀಸುಕಲ್ಲು ಹೋಗಿತ್ತು. ಕಲ್ಲು ಸೈತ ತಿರುಗಿ ಬಂದಿರಲಿಲ್ಲ. ಎಮ್ಮಿ ಬರತೈತೇನು?

ಗುಡ್ಡದ ಬುಡದ ಹುಲ್ಲನ್ನ ಆಡು, ಕುರಿ ಬಿಡತಿರಲಿಲ್ಲ. ಹುಲ್ಲು ಉಳೀತಿದ್ದದ್ದು ಮ್ಯಾಲ ಒಂದು ಕಡೆ. ಅದಕ್ಕ ಎಲ್ಲಾರೂ ಅಟ್ಟ ಅಂತಿದ್ದರು. ಕಲ್ಲಿನ ಸಂದಿಯಿಂದ ನೀರು ಜಿನಗತಿತ್ತು, ಹಂಗಾಗಿ ಪುಷ್ಯ ಮಾಸದ ತನಕ ಅಲ್ಲಿ ಹುಲ್ಲು ಹಸರ ಇರತಿತ್ತು. ಅಲ್ಲಿಗೆ ಹೋಗೂದು ಬಲ್ಲಾಕಿ ನಮ್ಮ ಮನೆತನದಾಗ ಒಬ್ಬಾಕಿನ. ನನ್ನ ನೆಗೆಣ್ಣಿ, ಭಾವನ ಹೆಂಡತಿ, ನನ್ನ ಗಂಡಗ ವೈನಿ. ಆಕಿ ಹುಟ್ಟಿದ್ದು ಇದೇ ಗುಡ್ಡದ ಬುಡಕ್ಕ. ಹಿತ್ತಲ ಆಚಿ ಬ್ಯಾರೆ ಒಲಿ ಹೂಡಿದ್ದಳು, ಆಕಿದೂ ಒಂದು ಆಕಳ ಇತ್ತು. ನಾನು ಹೋಗಿ ಕಾಲು ಹಿಡದೆ. ಆಕಿ, "ಕಲಸತೇನಿ. ತಂದದ್ದರಾಗ ಅರ್ಧಾ ನಂದು" ಅಂದಳು. ಹೂಂ ಅಂದೆ.

ಮೊದಲ ದಿನ ನನ್ನ ಕಾಲು ನೋಡಿದಳು. "ಕಾಲುಂಗರ ತಗಿ."

"ಮುತ್ತೈದಿ ಕಾಲುಂಗರ ತಗೀತಾರೇನಕ್ಕ?"

"ಬೆಳ್ಳಿ ತೊಯ್ದ ಕಲ್ಲಿನ ಮ್ಯಾಲ ಬೆಣ್ಣಿ ಆಗತೈತಿ. ನೀನ ಇಲ್ಲಂದ್ರ ಯಾರ ಕಾಲಿಗೆ ಹಾಕತಿ ಅದನ್ನ?"

ತಗದು ಸೆರಗಿನ ತುದಿಗೆ ಕಟ್ಟಿಕೊಂಡೆ. ಇಳದು ಬಂದ ಮ್ಯಾಲ ಹುಣಸಿ ಗಿಡದ ಕೆಳಗ ಇಬ್ಬರೂ ಕುಂತು ಮತ್ತ ಹಾಕ್ಕೊಂಡು ಮನಿಗೆ ಹೋಗತಿದ್ದೆವು. ಅತ್ತಿ ಮೊದಲ ನಮ್ಮ ಕಾಲು ನೋಡತಿದ್ದಳು, ಆಮ್ಯಾಲ ಹುಲ್ಲು.

ಪುಂಡಿ ನಾರಿನ ಹುರಿಯನ್ನ ಪಾದಕ್ಕ ಎರಡು ಸುತ್ತು ಸುತ್ತೂದು ಕಲಿಸಿದಳು, ಕಲ್ಲು ಹಿಡೀಲಿ ಅಂತ. ಆಮ್ಯಾಲ ಮನಿ ಹಿಂದಿನ ಹುಲ್ಲಿನ ಇಳಿಜಾರಿಗೆ ಕರಕೊಂಡು ಹೋಗಿ, ಕೈಯಾಗ ಕುಡಗೋಲು ಕೊಟ್ಟು, "ಬೀಳು" ಅಂದಳು.

"ಏನು?"

"ಬೀಳು ಅಂದೆ. ಏರೂದು ಕತ್ತೆಗೂ ಬರತೈತಿ. ಬೀಳೂದು ಕಲಿ."

ನಾನು ಕುಂಡಿ ಮ್ಯಾಲ ಕುಂತೆ. ಆಕಿ ನಕ್ಕಳು. "ಬೀಗತಿ ಹಂಗ ಕುಂತಿಯಲ್ಲ, ಎಲಿ ಅಡಿಕಿ ತರಬೇಕೇನು? ಬೆನ್ನ ಮ್ಯಾಲ ಜಾರಿದಾಕಿ ನೆಟ್ಟಗ ಹೊಳಿಗೆ ಹೋಗತಾಳ. ಜಾರಿದ ಕೂಡಲೇ ಹೊಟ್ಟಿ ಮ್ಯಾಲ ಹೊರಳು. ಕುಡಗೋಲಿನ ಚುಂಚ ಹುಲ್ಲಿನ ಬೇರಿಗೆ ಹಾಕು. ಎದಿ ಭಾರ ಎಲ್ಲಾ ಅದರ ಮ್ಯಾಲ ಬಿಡು."

ಒಂದೇ ದಿನ ಇಪ್ಪತ್ತು ಸಲ ಬೀಳಿಸಿದಳು. ಮೊಳಕೈ, ಮೊಣಕಾಲು ಕಿತ್ತು ಹೋದವು. ಮನಿಗೆ ಬಂದ್ರ ಗಂಡ, "ಯಾರ ಜೋಡಿ ಕುಸ್ತಿ ಹಿಡದಿ?" ಅಂತ ನಕ್ಕ.

ಕಲ್ಲು ಓದೂದೂ ಕಲಿಸಿದಳು. ಸಾಲಿ ನಾನು ಎರಡು ಇಯತ್ತೆ ಕಲತಾಕಿ, ಆ ಕಲ್ಲಿನ ಓದು ಅದಕ್ಕಿಂತ ಬಿರಸು. ಕೆಂಪು ಉಸುಕುಗಲ್ಲು ತೊಯ್ದರೂ ಕಾಲು ಹಿಡೀತೈತಿ. ಕರ್ರಗ ಹಾವಸಿ ಹಿಡದ ಕಲ್ಲು ಒಣಗಿದಂಗ ಕಂಡರೂ ಬಿಡತೈತಿ. ಹೊರಿ ತಲಿ ಮ್ಯಾಲ ಹೊರಬಾರದು, ಮೊದಲ ಕೆಳಗ ಉರುಳಿಸಬೇಕು. ಇಳಿಯೂ ಮುಂದ ಮಾರಿ ಗುಡ್ಡದ ಕಡೆ ಇರಬೇಕು. ಹೊಳಿಯಾಚಿನ ಗುಡ್ಡ ಮಂಜಿನಾಗ ಮುಚ್ಚಿತು ಅಂದ್ರ ಕೊಯ್ದ ಹುಲ್ಲು ಅಲ್ಲೇ ಬಿಟ್ಟು ಇಳೀಬೇಕು. ಒಂದು ಸಲ ನಾನು ಒಂದು ಸಿವುಡು ಹುಲ್ಲಿನ ಆಸೆಗೆ ತಡ ಮಾಡಿದೆ. ನನ್ನ ಕೈಯಾಗಿನ ಸಿವುಡು ಕಸಗೊಂಡು ಕೆಳಗ ಒಗದು, "ಎಮ್ಮಿಗೆ ಹುಲ್ಲು ಬೇಕು, ಕೂಸಿಗೆ ನೀ ಬೇಕು" ಅಂತ ಬೈದಳು. ಆ ಮಾತು ಕೇಳಿ ನನ್ನ ಕಣ್ಣಾಗ ನೀರು ಬಂದಿತ್ತು. ಈಕಿ ನನ್ನ ಒಡಹುಟ್ಟಿದಾಕಿ ಅಂತ ತಿಳದೆ.

ದಸರಾ ಮುಗದ ಮ್ಯಾಲ, ಈಗ ಅಟ್ಟಕ್ಕ ಹೋಗೋಣ ಅಂದಳು. ಅಟ್ಟಕ್ಕೂ ನಮಗೂ ನಡುವ ಓರೆಯಾದ ಒಂದು ದೊಡ್ಡ ಹಾಸಗಲ್ಲು. ಈ ಕಡೆ ಕಲ್ಲಿನ ಸಂದ್ಯಾಗ ಒಂದು ಬಸರಿ ಗಿಡ. ಕೆಳಗ ನೋಡಿದ್ರ ನದಿ. ಅದಕ್ಕ ಹಗ್ಗ ಬೇಕಂದಳು. ಗಂಡ ಪುಂಡಿ ನಾರಿಂದ ಮೂರು ಎಳಿ ಹಗ್ಗ ಹೊಸದ. ಎರಡೂ ಕೈ ಚಾಚಿ ಅಳದು, "ಹನ್ನೆರಡು ಮಾರು" ಅಂದ.

"ಸಾಕೇನ್ರಿ?" ಅಂತ ಕೇಳಿದೆ.

"ಸಾಕು" ಅಂದ. ಉಳಿದ ನಾರನ್ನ ಗಾಡಿಗೆ ಅಂತ ಎತ್ತಿಟ್ಟ.

ಹಗ್ಗದ ಒಂದು ತುದಿ ಆಕಿ ನನ್ನ ನಡಕ್ಕ ಬಿಗದಳು. ಇನ್ನೊಂದು ತುದಿ ಹಿಡಕೊಂಡು ಗಿಡದ ಕಡೆ ಹೋಗಿ, "ಗಿಡಕ್ಕ ಸುತ್ತಿ ಹಿಡದೇನಿ, ಹೋಗು. ದಾಟೂ ಮುಂದ ಹಿಂದ ಮಾತ್ರ ನೋಡಬ್ಯಾಡ, ತಲಿ ತಿರಗತೈತಿ" ಅಂದಳು. ನಾ ನೋಡಲಿಲ್ಲ. ಎರಡು ತಿಂಗಳು ದಿನಾ ದಾಟಿದೆ. ತಿರುಗಿ ಬರೂ ಮುಂದ ಆಕಿ ಹಗ್ಗದ ತುದಿ ಹಿಡಕೊಂಡು ಗಿಡದ ಹತ್ತರನ ನಿಂತಿರತಿದ್ದಳು. ಅಟ್ಟದ ಕೊನಿ ತನಕ ಹೋಗಿ ಒಳ್ಳೆ ಹುಲ್ಲು ಕೊಯ್ದೆ. ನಡಕ್ಕ ಹಗ್ಗ ಒಂದೀಟು ಜಗ್ಗತಿತ್ತು. ಅದು ಆಕಿ ಕೈ ಅಂತ ತಿಳಕೊಂಡು ಬಾಯಾಗ ಹಾಡು ಸೈತ ಹಾಡತಿದ್ದೆ. ಆಕಿ ಒಂದಿನಾನೂ ದಾಟಲಿಲ್ಲ. ಹಿಡಿಯಾಕಿ ಹೆಂಗ ದಾಟತಾಳ ಅಂತ ನಾನು ಕೇಳಲಿಲ್ಲ. ಎಮ್ಮಿ ಎರಡೂ ಹೊತ್ತು ತಂಬಿಗಿ ತುಂಬ ಹಿಂಡತಿತ್ತು. ಕೂಸಿನ ಕೆನ್ನಿ ತುಂಬಿದ್ದವು.

ಮಾರ್ಗಶಿರದಾಗ ಒಂದು ಮುಂಜಾನೆ ಇಬ್ಬನಿ ಭಾಳ ಬಿದ್ದಿತ್ತು. ಒಂದು ಹೊರಿ ಕೊಯ್ದು ಈಚಿಗೆ ದಾಟಿಸಿ, ಎರಡನೇ ಸಲ ಹಾಸಗಲ್ಲು ದಾಟಿ ಅಟ್ಟದ ಹುಲ್ಲಿನಾಗ ಕಾಲಿಟ್ಟಿದ್ದೆ, ಎಡಗಾಲು ಹೋತು. ಜಾರಿದೆ. ಹಗ್ಗ ಈಗ ತಡೀತೈತಿ, ಈಗ ತಡೀತೈತಿ ಅಂತ ನಾನು ದಾರಿ ಕಾದೆ. ನನಗಿಂತ ಮುಂದ ಹಗ್ಗನ ಸರಸರ ಅಂತ ಇಳದು ಬಂತು, ಪೂರಾ ಹಗ್ಗ, ಬಿಚ್ಚಿದ ತುದಿ ಸೈತ. ಅದನ್ನ ನೋಡಿದ ಮ್ಯಾಲ ಹೊಟ್ಟಿ ಮ್ಯಾಲ ಹೊರಳಿದೆ. ಕುಡಗೋಲು ಬೇರಿಗೆ ಹಾಕಿ ಎದಿ ಬಿಟ್ಟೆ. ಬೇರು ಹಿಡೀತು. ಕಾಲು ಎರಡೂ ಗಾಳ್ಯಾಗ ಇದ್ದವು.

ಹೆಂಗ ತಿರುಗಿ ಬಂದೆನೋ ಬಂದೆ. ಬಂದು ನೋಡಿದ್ರ ಆಕಿ ಗಿಡದಿಂದ ದೂರ, ಬಂದ ಹುಲ್ಲನ್ನ ಎರಡು ಪಾಲು ಮಾಡಕೊಂತ ಕುಂತಿದ್ದಳು. ಗಿಡದ ತೊಗಟಿ ಮ್ಯಾಲ ಹಗ್ಗ ತಿಕ್ಕಿದ ಒಂದು ಗೀರು ಇರಲಿಲ್ಲ.

"ಇವತ್ತ ಕಟ್ಟಿದ್ದಿಲ್ಲೇನಕ್ಕ?"

ಆಕಿ ಪಾಲು ಮಾಡೂದು ನಿಲ್ಲಿಸಲಿಲ್ಲ. "ಎಂದೂ ಕಟ್ಟಿಲ್ಲ."

"ಯಾಕ?"

"ಕಟ್ಟಿದ್ರ ಹಗ್ಗ ಅಟ್ಟದ ಅರ್ಧಕ್ಕೂ ಮುಟ್ಟತಿದ್ದಿಲ್ಲ. ಒಳ್ಳೆ ಹುಲ್ಲು ಇರೂದು ಕೊನಿಗೆ. ನಾ ಕೈಯಾಗ ಹಿಡದಿದ್ರ ನನ್ನೂ ಎಳಕೊಂಡು ಹೋಗತಿದ್ದಿ. ನನಗ ಮೂರು ಮಕ್ಕಳದಾವ. ಹಗ್ಗ ಇದ್ದದ್ದು ನಿನ್ನ ಧೈರ್ಯಕ್ಕ."

ನನಗ ಒಂದು ಮಗು ಇತ್ತು. ಅದು ಆಕಿಗೆ ಗೊತ್ತಿಲ್ಲೇನು?

ಆವತ್ತಿನ ಹುಲ್ಲು ಅಲ್ಲೇ ಬಿಟ್ಟು ಇಳದೆ. ಸಂಜಿಮುಂದ ಗಂಡ ಗಾಡಿ ಅಚ್ಚಿಗೆ ಎಣ್ಣಿ ಹಚ್ಚಾಕತ್ತಿದ್ದ. ಆತ ಹುಟ್ಟಿ ಬೆಳದದ್ದು ಆ ಗುಡ್ಡದ ಬುಡಕ್ಕ, ಆ ಅಟ್ಟ ಅವನಿಗೆ ಅಂಗೈ ಇದ್ದಂಗ. ಅದು ಆಗ ನನ್ನ ತಲಿಗೆ ಬಂತು. "ಹನ್ನೆರಡು ಮಾರು ಅಲ್ಲಿಗೆ ಮುಟ್ಟೂದಿಲ್ಲ ಅಂತ ನಿಮಗ ಗೊತ್ತಿತ್ತೇನ್ರಿ?"

ಎಣ್ಣಿ ಹಚ್ಚಕೊಂತನ ಅಂದ, "ಧೈರ್ಯಕ್ಕ ಅಷ್ಟ ಸಾಕು ಅಂತ ವೈನಿ ಹೇಳಿದ್ದರು." ಕೈ ಒರಸಿಕೊಂಡು, "ನೀ ಬಿದ್ದಿಲ್ಲಲ್ಲ ಮತ್ತ" ಅಂದ.

ನೆಗೆಣ್ಣಿ ಹೊರಗಿನಾಕಿ. ಆಕಿಗೆ ತನ್ನ ಆಕಳ, ತನ್ನ ಮಕ್ಕಳು. ಆದರ ಈತ ಆ ಹಗ್ಗ ಹೊಸಿಯೂ ಮುಂದ ತುದಿ ಹಿಡಕೊಂಡು ಎದುರು ನಿಂತಾಕಿ ನಾನು. ನನ್ನ ಮಾರಿ ನೋಡಿ ಸಾಕು ಅಂದಿದ್ದ.

ಮರುದಿನ ನಾ ಗುಡ್ಡಕ್ಕ ಹೋಗಲಿಲ್ಲ. ಎಮ್ಮಿ ಬರೀ ಕಣಕಿ ಮೂಸಿ ನೋಡಿ ಒದರಿತು. ಸಂಜಿಗೆ ಅರ್ಧ ತಂಬಿಗಿ ಹಿಂಡಿತು. ಕೂಸು ಹಾಲು ಸಾಲದ ಅಳತಿತ್ತು. ಅತ್ತಿ ಹಣಿಗೆ ಇಬತ್ತಿ ಹಚ್ಚಕೊಂತ, "ಮುಂದಿನ ವಾರ ಗಾಡಿ ಹುಕ್ಕೇರಿಗೆ ಹೊಂಟೈತಿ. ಹಿಂದ ಎಮ್ಮಿ ಕಟ್ಟಿಬಿಡೋಣ" ಅಂದಳು. ಸಿಟ್ಟು ಮಾಡಿಕೊಂಡು ಕೂಡೂದು ಹೊಲ ಇದ್ದವರಿಗೆ ಚಂದ.

ಗಾಡಿಗೆ ಅಂತ ಎತ್ತಿಟ್ಟ ನಾರು ಎಲ್ಲಾ ಎಳಕೊಂಡು ಬಂದೆ. ಪಡಸಾಲಿ ಕಂಬಕ್ಕ ತುದಿ ಕಟ್ಟಿ ಹೊಸಿಯಾಕ ಕುಂತೆ. ಗಂಡ ಬಂದು ಇನ್ನೊಂದು ತುದಿ ಹಿಡಿಯಾಕ ಕೈ ಚಾಚಿದ.

"ಬಿಡ್ರಿ" ಅಂದೆ. "ಕಂಬ ಹಿಡದೈತಿ. ಅದು ಬಿಡೂದಿಲ್ಲ."

ಎರಡು ದಿನಕ್ಕ ಇಪ್ಪತ್ತೆರಡು ಮಾರು ಆತು. ಒಬ್ಬಾಕಿನ ಹೋದೆ. ಬಸರಿ ಗಿಡಕ್ಕ ನನ್ನ ಕೈಲೆ ಗಂಟು ಹಾಕಿದೆ, ಜೋತು ಬಿದ್ದು ನೋಡಿದೆ, ಆಮ್ಯಾಲ ದಾಟಿದೆ. ಹಾಡು ಬರಲಿಲ್ಲ. ಕಟ್ಟಿದ ಹಗ್ಗ ಇದ್ದ ದಿನಾನ ಹೆಜ್ಜಿಗೊಮ್ಮೆ ತಿರುಗಿ ಗಂಟು ನೋಡಿದೆ. ಆದರೂ ಕೊನಿ ತನಕ ಹೋಗಿ ಕೊಯ್ದೆ, ಪೂರಾ ಹೊರಿ ನಾನ ತಂದೆ. ಎಮ್ಮಿ ಹುಕ್ಕೇರಿಗೆ ಹೋಗಲಿಲ್ಲ.

ಪುಷ್ಯದಾಗ ನೆಗೆಣ್ಣಿ ಹಿತ್ತಲ ಬಾಗಿಲಿಗೆ ಬಂದಳು. "ತಂಗಿ, ಆಕಳ ಹಸದೈತಿ."

"ಹಗ್ಗ ಗೂಟಕ್ಕ ಐತಿ. ಒಯ್ಯಕ್ಕ, ಪೂರಾ ಮುಟ್ಟತೈತಿ" ಅಂದೆ.

ಒಯ್ಯಲಿಲ್ಲ. ಆಕಳ ಬಡಕಾತು. ಆಕಳದೇನು ತಪ್ಪಿರಲಿಲ್ಲ, ಖರೆ. ಆದರೂ ನಾ ಒಂದು ಸಿವುಡು ಕೊಡಲಿಲ್ಲ. ಆಕಿ ಕಲಿಸಿದ ಕುಡಗೋಲು ನನ್ನ ಜೀವ ಉಳಿಸಿತು, ಅದೂ ಖರೆ. ಅದಕ್ಕ ಆಕಿನ ಬೈಯೂದು ಬಿಟ್ಟೆ, ಮಾತಾಡಿಸೂದೂ ಬಿಟ್ಟೆ.

ಗಂಡನ ಜೋಡಿ ಮುಂದೂ ಸಂಸಾರ ಮಾಡಿದೆ, ಮತ್ತ ಮೂರು ಹಡದೆ. ತವರಿಗೆ ಹೋಗಿ ಹೇಳಿಕೊಳ್ಳಲಿಲ್ಲ, ಹೊಡದಾನೇನು ಬಡದಾನೇನು ಅಂತ ಕೇಳಿದ್ರ ನಾ ಏನು ಹೇಳಲಿ? ಆದರ ಆತ ಹೊಸದ ಹಗ್ಗ ಯಾವುದು ಕೈಗೆ ಬರಲಿ, ಬಾವಿದು ಇರಲಿ ತೊಟ್ಟಿಲದು ಇರಲಿ, ಮೊದಲ ಕೈ ಚಾಚಿ ಮಾರು ಹಾಕಿ ಅಳೀತಿದ್ದೆ. ಆತ ನೋಡತಿದ್ದ. ನೋಡಲಿ ಅಂತನ ಅವನ ಎದುರಿಗೆ ನಿಂತು ಅಳೀತಿದ್ದೆ.