ಪುಟ್ಟಗಂಗಮ್ಮನ ಬುಲ್ವಾರ್ಕು

ಕಿಬ್ಬನಹಳ್ಳಿ ಪಕ್ಕದ ನಮ್ಮೂರಿನಲ್ಲಿ ಪುಟ್ಟಗಂಗಮ್ಮನ ದನಿ ಕೇಳಿದರೆ ನಾಯಿಯೂ ಬಾಲ ಮಡಚುತ್ತಿತ್ತು. ಬಸ್ಸಿಗೆ ಹೋಗುವವರ ಕಾಲುದಾರಿ ಇದ್ದದ್ದು ಆಕೆಯ ತೆಂಗಿನ ತೋಟದ ನಡುವೆ. ಎಪ್ಪತ್ತೆಂಟನೇ ಇಸವಿಯಲ್ಲಿ ಅದನ್ನು ಮುಚ್ಚಿಯೇ ತೀರುತ್ತೇನೆಂದು ಹಟ ಹಿಡಿದಳು. ಊರವರ ಮೇಲೆ ಆಕೆಗೇನೂ ಸಿಟ್ಟಿರಲಿಲ್ಲ, ಸುಳ್ಳೇಕೆ ಹೇಳಲಿ. ಸಿಟ್ಟು ತಂಗಿ ತಿಮ್ಮಕ್ಕನ ಮೇಲೆ. ಸತ್ತ ಅವ್ವನ ಬೀಸುಕಲ್ಲು ಯಾರಿಗೆ ಎಂಬ ಜಗಳದಲ್ಲಿ ಅಕ್ಕತಂಗಿ ಮಾತು ಬಿಟ್ಟಿದ್ದರು. ಕಲ್ಲು ಹಳೇ ಹಿತ್ತಿಲಲ್ಲೇ ಬಿದ್ದಿತ್ತು, ಇಬ್ಬರೂ ರಾಗಿ ಬೀಸಿಸುತ್ತಿದ್ದದ್ದು ಮಿಲ್ಲಿನಲ್ಲಿ.

ತಿಮ್ಮಕ್ಕ ತಿಪಟೂರಿಗೆ ಬೆಣ್ಣೆ ಮಾರಲು ಹೋಗುವಾಗ ಅಕ್ಕ ಎದುರಿಗಿದ್ದರೂ ತೆಂಗಿನ ಗೊನೆ ನೋಡಿಕೊಂಡು ಸಾಗುತ್ತಿದ್ದಳು.

"ಮಾತಾಡ್ದಿದ್ರೆ ಅತ್ಲಾಗಿರ್ಲಿ, ಕಣ್ಮುಂದೆ ಹಿಂಗೆ ಓಡಾಡಿದ್ರೆ ಹೊಟ್ಟೆ ಉರಿಯಲ್ವಾ ಮೇಷ್ಟ್ರೇ? ಶತ್ರು ಬರ್ದಂಗೆ ಇಂಗ್ಲಿಷ್ನೋರು ಏನ್ ಕಟ್ತಿದ್ರು?"

ಪುಟ್ಟಗಂಗಮ್ಮ ಹೀಗೆ ಕೇಳಿದ್ದೇ ತಡ, ಆಕೆಯ ಹೊರಕೋಣೆಯಲ್ಲಿ ಬಾಡಿಗೆಗಿದ್ದ ಇಂಗ್ಲಿಷ್ ಮೇಷ್ಟ್ರು ಸದಾಶಿವಯ್ಯನವರಿಗೆ ಅಷ್ಟು ಸಾಕಾಯಿತು. ಊಟಕ್ಕೆ ಕರೆದರೂ ಮೊದಲು 'ಊಟ' ಎಂಬ ಪದದ ಹುಟ್ಟು ಹೇಳಿ ಮುದ್ದೆ ಆರಿಸುವ ಆಸಾಮಿ.

"ಬುಲ್ವಾರ್ಕ್ ಅಂತಾರಮ್ಮ. ರಕ್ಷಣೆಯ ಗೋಡೆ. ಪದ ಬಂದದ್ದು ಡಚ್ಚರ ಕಡೆಯಿಂದ. ಬೋಲ್ ಅಂದರೆ ಮರದ ದಿಮ್ಮಿ, ವೆರ್ಕ್ ಅಂದರೆ ಕೆಲಸ. ದಿಮ್ಮಿ ಪೇರಿಸಿ ಕಟ್ಟುತ್ತಿದ್ದರು. ಆಮೇಲೆ ಏನಾಯಿತಪ್ಪಾ ಅಂದರೆ..."

ಆಮೇಲಿನದನ್ನು ಕೇಳಲು ಪುಟ್ಟಗಂಗಮ್ಮ ಅಲ್ಲಿರಲಿಲ್ಲ. ಕಾಯಿ ಬಿಡದ ಮುದಿ ಮರಗಳನ್ನೆಲ್ಲ ಕಡಿಸಿ, ಊರಿನಿಂದ ಟಾರು ರಸ್ತೆಯವರೆಗೆ ಕಾಲುದಾರಿಯ ಪಕ್ಕದ ಬದುವಿನುದ್ದಕ್ಕೂ ಸೊಂಟದೆತ್ತರ ಪೇರಿಸಿದಳು. ಕಾಲುದಾರಿ ಅಗೆಸಿ ನೀರು ಹಾಯಿಸಿದಳು. ಗೋಡೆಯ ಈಚೆ ಮೊಣಕಾಲುದ್ದ ಕೆಸರು, ಆಚೆ ಮುಳ್ಳಿನ ಹಳ್ಳ. ಇನ್ನು ಯಾವಳು ಬರುತ್ತಾಳೋ ನೋಡೇಬಿಡೋಣ ಎಂದು ನೆಮ್ಮದಿಯಾಗಿ ಮಲಗಿದಳು.

ಬೆಳಗ್ಗೆ ನೋಡಿದರೆ ಹುಚ್ಚರಂಗಯ್ಯ ಕೊಡೆ ಹಿಡಿದು ಗೋಡೆಯ ಮೇಲೇ ನಡೆದು ಹೋಗುತ್ತಿದ್ದಾನೆ. ಹಿಂದೆ ಅರ್ಧ ಊರು.

"ಪುಣ್ಯ ಕಟ್ಕೊಂಡೆ ಕಣವ್ವ, ಕಾಲಿಗೊಂಚೂರು ಕೆಸ್ರಿಲ್ಲ" ಎಂದು ಹರಸಿದ.

ಮೇಷ್ಟ್ರು ಜಗಲಿಯಲ್ಲಿ ಕೂತು ಮಿಕ್ಕದ್ದನ್ನು ಹೇಳಿದರು. "ನೀವು ಅರ್ಧಕ್ಕೇ ಎದ್ದುಹೋದಿರಿ. ಅದೇ ಪದ ಫ್ರಾನ್ಸಿಗೆ ಹೋಗಿ ಬೂಲ್ವಾರ್ ಆಯಿತು. ಗೋಡೆ ಬೇಡವಾದ ಮೇಲೆ ಆ ಜಾಗದಲ್ಲಿ ಜನ ಅಡ್ಡಾಡುವ ದಾರಿ ಮಾಡಿಕೊಂಡರು. ಅಲ್ಲಿ ಅದಕ್ಕೆ ನೂರಾರು ವರ್ಷ ಹಿಡಿಯಿತು."

"ನಮ್ಮೂರಿಗೆ ಒಂದ್ ರಾತ್ರಿ ಸಾಕಾಯ್ತು ಬುಡಿ" ಎಂದವಳೇ ಕೋಲು ಹಿಡಿದು, ಎಲ್ಲರನ್ನೂ ಅಟ್ಟಲು ರಸ್ತೆಯ ಕಡೆಯಿಂದ ಗೋಡೆ ಹತ್ತಿದಳು. ನಡುವೆ ಬರುವಷ್ಟರಲ್ಲಿ ಎದುರಿಗೆ ತಿಮ್ಮಕ್ಕ, ತಲೆಯ ಮೇಲೆ ಬೆಣ್ಣೆಯ ಗಡಿಗೆ. ದಿಮ್ಮಿಯ ಅಗಲ ಒಬ್ಬರಿಗೇ ಸಾಲದು. ಹಿಂದೆ ಸರಿಯಲು ಇಬ್ಬರಿಗೂ ಮಾನ ಅಡ್ಡ. ಅಷ್ಟರಲ್ಲಿ ತಿಮ್ಮಕ್ಕನ ಕಾಲು ಜಾರಿತು. ಪುಟ್ಟಗಂಗಮ್ಮ ಕೋಲು ಬಿಸಾಕಿ ಅವಳ ಎರಡೂ ರಟ್ಟೆ ಹಿಡಿದಳು. ಹಾಗೇ ಒಬ್ಬರನ್ನೊಬ್ಬರು ತಬ್ಬಿ, ಒಂದು ಸುತ್ತು ತಿರುಗಿ ದಾಟಬೇಕಾಯಿತು.

"ಕಾಲು ತುಳೀಬ್ಯಾಡ ಕಣಕ್ಕ" ಎಂದಳು ತಿಮ್ಮಕ್ಕ.

ಅವ್ವನ ತಿಥಿಯ ನಂತರ ಅವಳು ಅಕ್ಕನಿಗೆ ಆಡಿದ ಮೊದಲ ಮಾತು ಅದು. ಮರುದಿನ ಬಸ್ಸಿನ ಹೊತ್ತಿಗೆ ಪುಟ್ಟಗಂಗಮ್ಮನಿಗೆ ಗೋಡೆಯ ಮೇಲೆ ಏನೋ ಕೆಲಸ ಬಿತ್ತು. ಅದರ ಮರುದಿನವೂ ಬಿತ್ತು.

ವಾರ ಕಳೆದ ಮೇಲೆ ಪಂಚಾಯ್ತಿಯ ಬಸವರಾಜಪ್ಪ ಜನ ಕರೆದುಕೊಂಡು ಬಂದ. "ಪಕ್ಕಕ್ಕೆ ಇನ್ನೊಂದು ಸಾಲು ದಿಮ್ಮಿ ಹಾಕ್ಕೊಡ್ತೀವಿ ಕಣವ್ವ. ಇಬ್ಬಿಬ್ರು ಆರಾಮಾಗಿ ಓಡಾಡ್ಬೋದು."

ಪುಟ್ಟಗಂಗಮ್ಮ ಗೋಡೆಗೆ ಅಡ್ಡ ನಿಂತಳು.

"ಬ್ಯಾಡ ಬುಡ್ರಪ್ಪ. ಅಗಲ ಆದ್ರೆ ಅವ್ಳು ಪಕ್ಕದಾಗೇ ಹೊಂಟೋಯ್ತಾಳೆ."