ತಾಕತ್ತಿನ ಗುಳಿಗಿ

ಆಗ ನಾನು ರಾಯಚೂರಿನಲ್ಲಿ ದಂತವೈದ್ಯನಾಗಿ ಇಪ್ಪತ್ತು ವರ್ಷ ಕಳೆದಿದ್ದೆ. ಪ್ರತಿ ಶನಿವಾರ ದೇವದುರ್ಗಕ್ಕೂ ಹೋಗಿ ರೋಗಿಗಳನ್ನು ನೋಡುತ್ತಿದ್ದೆ. ಅರಕೇರಾದ ದೇವಮ್ಮ ಬಂದದ್ದು ಅಲ್ಲಿಗೇ. ಹತ್ತಿ ಬಿಡಿಸುವ ಕೂಲಿ, ವಯಸ್ಸು ನಲವತ್ತರ ಆಸುಪಾಸು. ಜೊತೆಗೆ ಗಂಡ ಹನುಮಂತ ಬಂದಿದ್ದ.

"ಖಾರ ಮುಟ್ಟಾಕ ಆಗವಲ್ದುರೀ. ರೊಟ್ಟಿ ತುತ್ತು ಬಾಯಾಗ ಹೋಗವಲ್ದು," ಎಂದಳು.

ಬಾಯಿ ತೆರೆಸಿ ಅಳೆದೆ. ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ನಡುವೆ ಇಪ್ಪತ್ತೆರಡು ಮಿಲಿಮೀಟರ್. ಸುಮಾರು ಅದರ ಎರಡರಷ್ಟಿರಬೇಕಿತ್ತು. ಕೆನ್ನೆಯ ಒಳಪದರ ಬಿಳಿಚಿಕೊಂಡು ಬಿಗಿದಿತ್ತು. ಕಾಯಿಲೆಯ ಹೆಸರು ಸಬ್‌ಮ್ಯೂಕಸ್ ಫೈಬ್ರೋಸಿಸ್. ಹೊಲದಲ್ಲಿ ಹಸಿವು ಮರೆಯಲೆಂದು ದಿನವಿಡೀ ಅಗಿದ ಅಡಿಕೆಯ ಫಲ. ಇದು ಕ್ಯಾನ್ಸರ್ ಅಲ್ಲ, ಆದರೆ ಕ್ಯಾನ್ಸರ್‌ಗೆ ತಿರುಗಬಲ್ಲದು. ಎಡಗೆನ್ನೆಯೊಳಗೆ ಒಂದು ಕೆಂಪು ಕಲೆಯೂ ಇತ್ತು. ಅದರ ಚೂರು ತೆಗೆದು ಪರೀಕ್ಷಿಸುವ ಬಯಾಪ್ಸಿ ಆಗಲೇಬೇಕಿತ್ತು.

ಕ್ಯಾನ್ಸರ್ ಎಂಬ ಮಾತೆತ್ತಿದರೆ ಹೆದರಿ ಮತ್ತೆ ಇತ್ತ ತಲೆ ಹಾಕುವುದಿಲ್ಲ ಎಂದುಕೊಂಡೆ. ಲೈಕೋಪೀನ್, ಅಂದರೆ ಟೊಮೆಟೊಗೆ ಕೆಂಪು ಬಣ್ಣ ಕೊಡುವ ಸತ್ವದ ಕ್ಯಾಪ್ಸೂಲ್, ಜೊತೆಗೆ ವಿಟಮಿನ್ ಬರೆದುಕೊಟ್ಟೆ. "ತಾಕತ್ತಿನ ಗುಳಿಗಿ ಅದಾವ. ಅಡಿಕಿ ಬಿಡಬೇಕು ಯವ್ವಾ. ತಿಂಗಳ ಬಿಟ್ಟು ರಾಯಚೂರಿಗೆ ಬಾ, ಒಂದು ಸಣ್ಣ ಪರೀಕ್ಷೆ ಅದ," ಎಂದೆ. ನನ್ನ ಜಾಣತನವನ್ನು ನಾನೇ ಮೆಚ್ಚಿಕೊಂಡೆ.

ಗುಳಿಗೆ ಕೆಲಸ ಮಾಡಿತು. ಅದೇ ಕೇಡಾಯಿತು. ಉರಿ ಇಳಿಯಿತು, ಮೆಣಸಿನಕಾಯಿ ಚಟ್ನಿ ಮತ್ತೆ ಸೇರಿತು, ದೇವಮ್ಮ ರಾಯಚೂರಿಗೆ ಬರಲಿಲ್ಲ. ನಾನೂ ವಿಚಾರಿಸಲಿಲ್ಲ.

ಹನ್ನೊಂದು ತಿಂಗಳ ಮೇಲೆ ಹನುಮಂತ ಅವಳನ್ನು ಕರೆತಂದ. ಬಾಯಿ ತೆರೆದದ್ದು ಒಂಬತ್ತು ಮಿಲಿಮೀಟರ್. ಕಲೆಯಿದ್ದಲ್ಲಿ ಗಟ್ಟಿ ಅಂಚಿನ ಹುಣ್ಣು. ಬಯಾಪ್ಸಿಗೂ ಮೊದಲೇ, ನೋಡಿದ ಕೂಡಲೇ ಕ್ಯಾನ್ಸರ್ ಎಂದು ತಿಳಿಯಿತು. ನನ್ನ ತಪ್ಪಿನ ಸಿಟ್ಟನ್ನು ಅವರ ಮೇಲೆ ಹಾಕಿದೆ. "ಬಾ ಅಂದ್ರ ಯಾಕ ಬರಲಿಲ್ಲ?"

ಅವಳಿಗೆ ಮಾತಾಡಲು ಆಗುತ್ತಿರಲಿಲ್ಲ. ಹನುಮಂತ ಮೆಲ್ಲಗೆ ಹೇಳಿದ: "ತಾಕತ್ತಿನ ಗುಳಿಗಿ ಅಂದಿದ್ರಿ ಸಾಹೇಬ್ರ. ಉರಿ ಕಡಿಮಿ ಆತು. ಉಳಿದವನ್ನ ಬಾಣಂತಿ ಮಗಳಿಗಿ ಕೊಟ್ಲು. ರೋಗದ ಗುಳಿಗಿ ಅಂದಿದ್ರ ಕೊಡ್ತಿದ್ಲೇನ್ರೀ?"

ದವಡೆಯ ಅರ್ಧ ತೆಗೆದರೂ ದೇವಮ್ಮ ಉಳಿಯಲಿಲ್ಲ.

ಈಗ ದೇವದುರ್ಗವಿರಲಿ, ಮಾನ್ವಿಯಿರಲಿ, ಚೀಟಿ ಬರೆಯುವ ಮೊದಲು ಕಾಯಿಲೆಯ ಹೆಸರು ಹೇಳುತ್ತೇನೆ. ಕ್ಯಾನ್ಸರ್ ಎಂಬ ಮಾತನ್ನೂ ಆಡುತ್ತೇನೆ. ಕೆಲವರು ಹೆದರಿ ಎದ್ದು ಹೋಗುತ್ತಾರೆ. ಹೆಚ್ಚಿನವರು ಹೆದರಿಕೊಂಡೇ ತಿರುಗಿ ಬರುತ್ತಾರೆ. ದೇವಮ್ಮನನ್ನು ನಾನು ಹೆದರಲೂ ಬಿಡಲಿಲ್ಲ.