ನಾನು ಹೋಗದ ಸಭೆಯಲ್ಲಿ ನನ್ನ ಫೋಟೋ

ಕಳೆದ ಭಾನುವಾರ ನನ್ನ ಫೋಟೋ ಫ್ಲೆಕ್ಸ್‌ನಲ್ಲಿ ಬಂತು.

ನಗಬೇಡಿ. ನಮ್ಮ ಯಲಹಂಕದ ಕಡೆ ಫ್ಲೆಕ್ಸ್‌ನಲ್ಲಿ ಮುಖ ಬರುವುದು ಸಾಮಾನ್ಯ ಸಂಗತಿಯಲ್ಲ. ಅದಕ್ಕೆ ಮಾಜಿ ಕಾರ್ಪೊರೇಟರ್ ಆಗಿರಬೇಕು, ಇಲ್ಲವೇ ಮುಂದೆ ಕಾರ್ಪೊರೇಟರ್ ಆಗುವ ಆಸೆ ಇರಬೇಕು. ನನಗೆ ಎರಡೂ ಇಲ್ಲ. ನಾನು ಕಾಲೇಜಿನಲ್ಲಿ ಪಾಠ ಮಾಡಿಕೊಂಡು, ವಾರಕ್ಕೊಮ್ಮೆ ಈ ಅಂಕಣದಲ್ಲಿ ನಿಮ್ಮ ತಲೆ ತಿನ್ನುವ ಮನುಷ್ಯ.

ಅಂದು ನಮ್ಮ ಅಪಾರ್ಟ್‌ಮೆಂಟಿನ ಹಿಂದೆ ಹೊಸ ಪಾರ್ಕಿನ ಉದ್ಘಾಟನೆಯಿತ್ತು. ಶಾಮಿಯಾನ, ಮೈಕು, ಕಂಬಕ್ಕೊಂದು ಬಾಳೆಕಂದು. ಗೇಟಿನ ಪಕ್ಕದ ಫ್ಲೆಕ್ಸ್‌ನಲ್ಲಿ ದೊಡ್ಡ ಅಕ್ಷರದಲ್ಲಿ ಬರೆದಿತ್ತು: 'ಪಾರ್ಕ್ ನಿರ್ಮಾಣ ಕುರಿತು ಸ್ಥಳೀಯ ನಾಗರಿಕರೊಂದಿಗೆ ಸಮಾಲೋಚನಾ ಸಭೆ'. ಕೆಳಗೊಂದು ಫೋಟೋ. ಮುಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಉತ್ಸಾಹದಿಂದ ಕೈ ಎತ್ತಿ ಕೂತವನು ನಾನೇ!

ಅಂಥದ್ದೊಂದು ಸಭೆಗೆ ನಾನು ಹೋಗಿಯೇ ಇಲ್ಲ. ಅಂಥ ಸಭೆ ನಡೆದದ್ದೇ ನನಗೆ ಗೊತ್ತಿಲ್ಲ.

ಕಣ್ಣು ಕಿರಿದು ಮಾಡಿಕೊಂಡು ನೋಡುತ್ತಿದ್ದೆ. ಪಕ್ಕದಲ್ಲಿ ಯಾರೋ ನಿಂತ ಹಾಗಾಯಿತು. ನಂಜಪ್ಪನವರು. ಅವರೂ ಫ್ಲೆಕ್ಸನ್ನೇ ನೋಡುತ್ತಿದ್ದರು.

"ಮೇಷ್ಟ್ರೇ, ನೀವೂ ಇದ್ರಾ ಆ ಮೀಟಿಂಗ್‌ನಾಗೆ?"

ಈ ಪ್ರಶ್ನೆ ನನಗೆ ಯಾಕೆ ಚುಚ್ಚಿತು ಅಂತ ತಿಳಿಯಬೇಕಾದರೆ ನಂಜಪ್ಪನವರು ಯಾರೆಂದು ಹೇಳಬೇಕು.

ಗದಗದ ಕಡೆಯಿಂದ ಕೆಲಸ ಹುಡುಕಿಕೊಂಡು ಈ ಊರಿಗೆ ಬಂದಾಗ ನಮಗೆ ಮೊದಲು ಮನೆ ಕೊಟ್ಟವರು ಅವರು. ಹಳೇ ಹಳ್ಳಿಯ ರೈತರು. ಹೊಲ ಮಾರಿ, ಸ್ವಂತ ಮನೆಯ ಮೇಲೆ ಎರಡು ಬಾಡಿಗೆ ಮನೆ ಕಟ್ಟಿಸಿದ್ದರು. ಅವರ ಹೆಂಡತಿ ಜಯಮ್ಮ ನಮಗೆ ಓನರ್ ಆಗಿರಲಿಲ್ಲ, ಮನೆಯ ಹಿರಿಯರಾಗಿದ್ದರು. ರೊಟ್ಟಿ ಬಿಟ್ಟರೆ ಬೇರೆ ಗೊತ್ತಿಲ್ಲದ ನನ್ನ ಮುಂದೆ ಬಿಸಿ ಮುದ್ದೆ ಇಟ್ಟು, "ಅಗೀಬ್ಯಾಡಿ ಮೇಷ್ಟ್ರೇ, ನುಂಗಿ. ಅಲ್ಲಿಗೆ ನೀವು ನಮ್ಮೂರಿನೋರು" ಅಂದಿದ್ದರು. ನಮ್ಮ ಮಗಳು ಹುಟ್ಟಿದಾಗ ನನ್ನ ಅತ್ತೆಗೆ ಹುಷಾರಿರಲಿಲ್ಲ. ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ನೀರು ಹಾಕಿದವರು ಜಯಮ್ಮ. ನನ್ನ ಹೆಂಡತಿಗೆ ಬಾಣಂತನ ಮಾಡಿದವರೂ ಅವರೇ.

ಆ ಜಯಮ್ಮ ಕೆಲವು ವರ್ಷಗಳ ಹಿಂದೆ ತೀರಿಕೊಂಡರು. ಊರಿನ ಸ್ಮಶಾನದಲ್ಲಿ ಮಣ್ಣು ಮಾಡಿದೆವು. ನಾನೂ ಒಂದು ಹಿಡಿ ಮಣ್ಣು ಹಾಕಿದ್ದೆ. ನಂಜಪ್ಪನವರು ತಲೆಯ ಕಡೆ ಒಂದು ಕಲ್ಲು ನೆಟ್ಟು, ಪಕ್ಕದಲ್ಲಿ ಕಣಗಿಲೆ ಗಿಡ ಇಟ್ಟರು. ಪ್ರತಿವರ್ಷ ಪಿತೃಪಕ್ಷದಲ್ಲಿ ಹೋಗಿ, ನೀರೆರೆದು, ಎಡೆ ಇಟ್ಟು ಬರುತ್ತಿದ್ದರು.

ಕಳೆದ ವರ್ಷ ಆ ಸ್ಮಶಾನದ ಸುತ್ತ ನೀಲಿ ಶೀಟು ನಿಲ್ಲಿಸಿದರು. ಒಳಗೆ ಏನು ನಡೀತಿದೆ ಎಂದು ಹೊರಗಿನವರಿಗೆ ಕಾಣದ ಹಾಗೆ. ಯಾವ ಕಾಮಗಾರಿ, ಯಾರ ಕಾಮಗಾರಿ ಎಂಬ ಬೋರ್ಡೂ ಇರಲಿಲ್ಲ. ನಂಜಪ್ಪನವರು ಹೋಗಿ ಕೇಳಿದರು. "ಸ್ಮಶಾನಕ್ಕೆ ಕಾಂಪೌಂಡ್ ಹಾಕ್ತಿದ್ದೀವಿ ಯಜಮಾನ್ರೇ, ದನ ನುಗ್ಗದೇ ಇರ್ಲಿ ಅಂತ" ಎಂಬ ಉತ್ತರ ಬಂತು. ಅವರು ಸಂತೋಷಪಟ್ಟುಕೊಂಡು ಬಂದರು. ಸರ್ಕಾರದವರು ಒಳ್ಳೇ ಕೆಲಸ ಮಾಡ್ತಾ ಇದ್ದಾರೆ ಅಂತ ನನ್ನ ಹತ್ತಿರವೇ ಹೊಗಳಿದ್ದರು.

ಶೀಟು ತೆಗೆದಾಗ ಒಳಗಿದ್ದದ್ದು ಪಾರ್ಕು.

ಈಗ ಹೇಳಿ. ಅಂಥ ಮನುಷ್ಯ 'ನೀವೂ ಇದ್ರಾ' ಅಂತ ಕೇಳಿದರೆ ಏನು ಮಾಡುವುದು?

"ಇಲ್ಲ ನಂಜಪ್ಪನೋರೇ. ದೇವರಾಣೆ ಇರ್ಲಿಲ್ಲ" ಅಂದೆ. ಆಣೆ ಹಾಕುವ ಅಭ್ಯಾಸ ನನಗಿಲ್ಲ. ಅವತ್ತು ಬಾಯಿಗೆ ಬಂತು.

ಆಮೇಲೆ ಫೋಟೋದ ಹಿಂದಿನ ಗೋಡೆ ನೋಡಿ ಗುರುತು ಸಿಕ್ಕಿತು. ಅದು ನಮ್ಮ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸ್. ಹಿಂದೊಮ್ಮೆ ಅಲ್ಲಿಗೆ ಹಸಿ ಕಸ, ಒಣ ಕಸದ ಬಗ್ಗೆ ತಿಳುವಳಿಕೆ ಕೊಡಲು ಯಾರೋ ಬಂದಿದ್ದರು. "ಮನೇಲೇ ಗೊಬ್ಬರ ಮಾಡೋರು ಕೈ ಎತ್ತಿ" ಅಂದರು. ನಾನು ಎತ್ತಿದೆ. ಕ್ಲಿಕ್ಕಿಸಿಕೊಂಡರು. ಗೊಬ್ಬರಕ್ಕೆ ಎತ್ತಿದ ಕೈ ಸ್ಮಶಾನ ಅಳಿಸಲು ಒಪ್ಪಿಗೆಯಾಗಿ ಹೋಯಿತು!

ಇದನ್ನೆಲ್ಲ ನಂಜಪ್ಪನವರಿಗೆ ವಿವರಿಸಿದೆ. "ಆಯ್ತು ಬುಡಿ ಮೇಷ್ಟ್ರೇ" ಅಂದರು. ನಂಬಿದರೋ ಇಲ್ಲವೋ ಗೊತ್ತಾಗಲಿಲ್ಲ. ಅಷ್ಟರಲ್ಲಿ ವೇದಿಕೆಯ ಮೇಲಿಂದ ಒಬ್ಬರು ಭಾಷಣ ಶುರು ಮಾಡಿದರು. "ನಮ್ಮದು ಪಾರದರ್ಶಕ ಆಡಳಿತ. ಜನರನ್ನ ಕೇಳದೆ ಒಂದು ಕಲ್ಲನ್ನೂ ನಾವು ಎತ್ತೋದಿಲ್ಲ!" ಚಪ್ಪಾಳೆ ಬಿತ್ತು. ನಂಜಪ್ಪನವರು ವಾಕಿಂಗ್ ಟ್ರ್ಯಾಕಿನ ಟೈಲ್ಸ್ ನೋಡುತ್ತಾ ನಿಂತಿದ್ದರು. ಎಲ್ಲಿ ಕಾಲಿಡಬಾರದು ಅಂತ ಹುಡುಕುವವರ ಹಾಗೆ.

ಸೋಮವಾರ ಅವರನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ವಾರ್ಡ್ ಆಫೀಸಿಗೆ ಹೋದೆ. (ನಾಗರಿಕರ ಹಕ್ಕುಗಳ ಬೋರ್ಡ್ ಅಲ್ಲಿ ಇದೆ. ಅದರ ಮುಂದೆ ಒಂದು ಬೀರು ಇಟ್ಟಿದ್ದಾರೆ.) ಇಂಜಿನಿಯರ್ ಸಾಹೇಬರು ಒರಟರಲ್ಲ. ಕುರ್ಚಿ ಕೊಟ್ಟರು, ಕಾಫಿ ತರಿಸಿದರು.

"ಸಾರ್ವಜನಿಕರ ಸಭೆ ಮಾಡಿದ್ದೀವಲ್ಲ ಸರ್."

"ಎಲ್ಲಿ ಮಾಡಿದ್ರಿ? ಯಾರಿಗೆ ಹೇಳಿದ್ರಿ?"

"ವೆಬ್‌ಸೈಟಲ್ಲಿ ಹಾಕಿರ್ತೀವಿ. ನೋಡ್ಕೋಬೇಕು."

"ಫ್ಲೆಕ್ಸ್‌ನಲ್ಲಿರೋದು ಕಸದ ಮೀಟಿಂಗಿನ ಫೋಟೋ. ಅದ್ರಲ್ಲಿರೋದು ನಾನೇ."

ಅವರು ನನ್ನ ಮುಖ ನೋಡಿದರು. "ಫ್ಲೆಕ್ಸ್ ಕಂಟ್ರಾಕ್ಟರ್ ಮಾಡ್ಸಿರೋದು ಸರ್. ನಮಗೆ ಸಂಬಂಧ ಇಲ್ಲ."

"ಹೋಗ್ಲಿ, ನಿಜವಾದ ಸಭೆಯಲ್ಲಿ ಯಾರಿದ್ರು ಅಂತ ತೋರಿಸಿ."

"ಫೈಲ್ ಮೇಲಿನ ಆಫೀಸಲ್ಲಿದೆ. ನೀವು ಆರ್‌ಟಿಐ ಹಾಕ್ಬಹುದು."

ನಂಜಪ್ಪನವರು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. "ಸಾ, ಅಲ್ಲಿ ಸಮಾಧಿ ಇದ್ವಲ್ಲ, ಅವುನ್ನ ಏನ್ ಮಾಡಿದ್ರಿ?"

"ನಮ್ಮ ಇನ್‌ಸ್ಪೆಕ್ಷನ್ ಟೈಮಲ್ಲಿ ಅಲ್ಲಿ ಯಾವ ಸ್ಟ್ರಕ್ಚರೂ ಇರ್ಲಿಲ್ಲ ಯಜಮಾನ್ರೇ."

"ಸ್ಟ್ರಕ್ಚರ್ ಅಲ್ಲ ಸಾ. ನಮ್ಮನೆಯೋಳು."

ಸಾಹೇಬರು ಕಾಫಿ ಲೋಟ ನೋಡಿದರು, ಮೊಬೈಲು ನೋಡಿದರು. ಕೊನೆಗೆ ಮೆಲ್ಲಗೆ, "ನೆಲ ಲೆವೆಲ್ ಮಾಡಿ, ಮಣ್ಣನ್ನ ಟಿಪ್ಪರ್‌ನಲ್ಲಿ ಸಾಗಿಸಿದ್ದಾರೆ. ಎಲ್ಲಿಗೆ ಅಂತ ಕಂಟ್ರಾಕ್ಟರ್‌ನ ಕೇಳ್ಬೇಕು" ಅಂದರು. ಕಂಟ್ರಾಕ್ಟರ್ ಫೋನ್ ಎತ್ತಲಿಲ್ಲ. ಇವತ್ತಿನವರೆಗೂ ಎತ್ತಿಲ್ಲ.

ಮೇಲಿನ ಆಫೀಸಿಗೂ ಹೋದೆವು. ಫೈಲು ಕೆಳಗಿದೆ ಅಂದರು. ಮೊಬೈಲ್ ಆ್ಯಪ್‌ನಲ್ಲಿ ದೂರು ಹಾಕಿದೆ. ಮಾರನೇ ದಿನವೇ ಉತ್ತರ ಬಂತು: 'ನಿಮ್ಮ ದೂರನ್ನು ಪರಿಹರಿಸಲಾಗಿದೆ'. ಏನು ಪರಿಹಾರ ಅಂತ ನೋಡಲು ಓಡಿಹೋದೆ. ಫ್ಲೆಕ್ಸ್ ಬಿಚ್ಚಿಕೊಂಡು ಹೋಗಿದ್ದರು. ಅಷ್ಟೇ.

ಪಾರ್ಕು ಬೇಡ ಎನ್ನುವವನು ನಾನಲ್ಲ. ನಮ್ಮ ಕಡೆ ಮಕ್ಕಳು ಕಾರುಗಳ ನಡುವೆ ಕ್ರಿಕೆಟ್ ಆಡುತ್ತವೆ. ಆದರೆ ಒಂದು ಒಳ್ಳೆಯ ಕೆಲಸವನ್ನು ಹೀಗೆ ಕಳ್ಳರ ಹಾಗೆ ಯಾಕೆ ಮಾಡಬೇಕು? ಕಾಂಪೌಂಡು ಅಂತ ಸುಳ್ಳು ಹೇಳಿದ್ದು ಯಾರ ಹೆದರಿಕೆಗೆ? ಆಗದ ಸಭೆಗೆ ಫೋಟೋ ಹುಡುಕಿ ಹಾಕುವ ಶ್ರಮದಲ್ಲಿ ಆ ಸಭೆಯನ್ನೇ ಮಾಡಬಹುದಿತ್ತಲ್ಲ? ನಮ್ಮನ್ನು ಆಳುವವರಿಗೆ ನಮ್ಮ ಒಪ್ಪಿಗೆ ಬೇಕು, ನಾವು ಬೇಡ.

ನಿನ್ನೆ ಸಂಜೆ ನಂಜಪ್ಪನವರ ಮನೆಗೆ ಹೋಗಿದ್ದೆ. ಸಿಟ್ಟಾಗಿದ್ದರೆ ಸಮಾಧಾನ ಮಾಡೋಣ ಎಂದುಕೊಂಡಿದ್ದೆ. ಅವರು ಸಿಟ್ಟಾಗಿರಲಿಲ್ಲ. ಜಗಲಿಯ ಮೇಲೆ ಜಾಗ ಬಿಟ್ಟು ಕೂರಿಸಿಕೊಂಡರು. ಕೋರ್ಟಿಗೆ ಹೋಗೋಣವೇ ಎಂದೆ. ತಲೆಯಾಡಿಸಿದರು.

"ಬ್ಯಾಡ. ಪಾರ್ಕ್ ಕಿತ್ತಾಕ್ಸಿ ನಾನೇನ್ ಮಾಡ್ಲಿ? ಮಕ್ಳು ಆಡ್ಲಿ. ಅವಳಿಗೂ ಮಕ್ಳು ಅಂದ್ರೆ ಆಸೆ, ನಿಮಗೇ ಗೊತ್ತಲ್ಲ" ಅಂದರು.

ಹೆಗಲ ಮೇಲಿನ ಟವೆಲ್ ತೆಗೆದು ಮಡಿಲಲ್ಲಿ ಮಡಚಿಟ್ಟುಕೊಂಡರು.

"ಇಂಗಿಂಗೆ ಪಾರ್ಕ್ ಮಾಡ್ತೀವಿ ಅಂತ ಒಂದ್ ಮಾತ್ ಏಳಿದ್ರೆ, ಸಾಸ್ತ್ರ ಮಾಡಿ ಅವಳ ಮೂಳೆನ ನಾನೇ ಎತ್ಕೊಂಡ್ ಬಂದು ಬೇರೆ ಕಡೆ ಮಣ್ಣು ಮಾಡ್ತಿದ್ದೆ. ಈಗ ಅವಳು ಯಾವ ಟಿಪ್ಪರ್‌ನಾಗೆ, ಯಾವ ಊರಿಗೆ ಓದ್ಲೋ..."

ನಾನು ಅವರ ಕೈ ಹಿಡಿದುಕೊಂಡೆ. ಅವರು ನನ್ನ ಕಡೆ ತಿರುಗಿದರು.

"ಕೇಳೋಕ್ ಏನ್ ಕಷ್ಟ ಆಗಿತ್ತು ಮೇಷ್ಟ್ರೇ ಅವ್ರಿಗೆ?"